ಭೂಮಿ ಅಳೆದ ಸರ್

ಬೆಳಗಾವಿಯ ಉದ್ಯಮಬಾಗದಲ್ಲಿ ನಾನು ಕೆಲಸ ಮಾಡುವ ಎರಕದ ಕಾರ್ಖಾನೆಯ ಹಿಂದೆ ಹಳೆಯ ಎಣ್ಣೆಯ ಪೀಪಾಯಿಗಳನ್ನು ಗೋಡೆಗುಂಟ ನಿಲ್ಲಿಸಿರುತ್ತಾರೆ. ಕಳೆದ ತಿಂಗಳು ಊಟ ಮುಗಿಸಿ ಡಬ್ಬಿ ತೊಳೆಯಲು ಆ ಕಡೆಯ ನಲ್ಲಿಗೆ ಹೋದಾಗ ಒಂದು ಪೀಪಾಯಿಯ ಮುಚ್ಚಳ ತೆರೆದಿತ್ತು. ಬಿಸಿಲಿಗೆ ಕಾದ ಎಂಜಿನ್ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಬಗ್ಗಿ ನೋಡಿದೆ. ಕಪ್ಪು ಎಣ್ಣೆಯ ಮೇಲೆ ಸೂರ್ಯ ಒಂದು ಚೂರೂ ಅಲುಗದೆ ಕೂತಿದ್ದ. ನಾನು ನಲ್ಲಿ ತಿರುಗಿಸಿ ಬಂದ್ ಮಾಡಿ ಅಲ್ಲೇ ನಿಂತುಬಿಟ್ಟೆ. ಈ ವಾಸನೆ, ಈ ಕಪ್ಪು, ಅದರೊಳಗೊಬ್ಬ ಸೂರ್ಯ… ಇಪ್ಪತ್ತು ವರ್ಷಕ್ಕೂ ಹಿಂದೆ ಇದನ್ನು ನನಗೆ ಮೊದಲು ತೋರಿಸಿದವರು ನಮ್ಮ ಫಿಸಿಕ್ಸ್ ಸರ್.

ಆಗ ನಾನು ಖಾನಾಪುರದಲ್ಲಿ ಪಿಯುಸಿ ಎರಡನೆಯ ವರ್ಷದಲ್ಲಿದ್ದೆ. ನಮ್ಮ ಕಾಲೇಜಿನಲ್ಲಿ ಒಂದು ವರ್ಷದಿಂದ ಫಿಸಿಕ್ಸ್ ಹೇಳುವವರೇ ಇರಲಿಲ್ಲ. ಗಣಿತದ ಮೇಷ್ಟ್ರು ತಮ್ಮ ಪಾಠ ಮುಗಿದ ಮೇಲೆ ಉಳಿದ ಹತ್ತು ನಿಮಿಷದಲ್ಲಿ ಸೂತ್ರಗಳನ್ನು ಬರೆಸಿ ಹೋಗುತ್ತಿದ್ದರು. ಅಂಥ ಹೊತ್ತಿನಲ್ಲಿ ನೌಕಾದಳದಿಂದ ನಿವೃತ್ತರಾದ ಒಬ್ಬರು ಬರುತ್ತಾರೆಂದು ಸುದ್ದಿಯಾಯಿತು. ಹುಡುಗರೆಲ್ಲ ಎತ್ತರದ, ಮೀಸೆಯ, ಗುಡುಗುವ ದನಿಯ ಮನುಷ್ಯನನ್ನು ಕಲ್ಪಿಸಿಕೊಂಡಿದ್ದರು. ಬಂದವರು ಸಣಕಲು ಮೈಯವರು. ದಪ್ಪ ಕನ್ನಡಕ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಊಟದ ಡಬ್ಬಿ. ಬೆಳಗಾವಿಯ ರಾಮತೀರ್ಥ ನಗರದಲ್ಲಿ ಮನೆ. ಮುಂಜಾನೆಯ ಪ್ಯಾಸೆಂಜರ್ ರೈಲಿಗೆ ಬಂದು ಸಂಜೆಯದಕ್ಕೆ ಹೋಗುತ್ತಿದ್ದರು. ಹುಟ್ಟಿದ್ದು ನಮ್ಮ ತಾಲೂಕಿನದೇ ಒಂದು ಹಳ್ಳಿಯಲ್ಲಿ. ಮನೆಮಾತು ಮರಾಠಿ. ಕನ್ನಡ ಮಾತಾಡುವಾಗ ಒಂದು ವಾಕ್ಯದಲ್ಲಿ ಎರಡಾದರೂ ಮರಾಠಿ ಶಬ್ದ ನುಸುಳುತ್ತಿದ್ದವು.

ಮೊದಲ ದಿನವೇ ಹುಡುಗನೊಬ್ಬ ಎದ್ದು ನಿಂತು ಯುದ್ಧದ ಕತೆ ಹೇಳಿ ಎಂದ. ಸರ್ ಕನ್ನಡಕ ತೆಗೆದು ಒರೆಸಿಕೊಂಡರು.

"ನಾ ಹಡಗಿನ್ಯಾಗ ಇದ್ದದ್ದು ಕಡಿಮಿ ರೀ. ಪಾಠದ ಖೋಲ್ಯಾಗ ಇದ್ದದ್ದ ಹೆಚ್ಚು. ಹೊಸದಾಗಿ ಬಂದ ಖಲಾಸಿಗಳಿಗೆ ಫಿಸಿಕ್ಸ್ ಕಲಸೂದು ನನ್ನ ಕೆಲಸ. ಖರೇ ಹೇಳಬೇಕಂದ್ರ, ಹಡಗ ಹತ್ತಿದ್ರ ನನಗ ವಾಂತಿ ಆಗ್ತಿತ್ತು."

ಇಡೀ ತರಗತಿ ನಕ್ಕಿತು. ಅವರೂ ನಕ್ಕರು. ಆಮೇಲೆ ಯಾಕೆ ವಾಂತಿಯಾಗುತ್ತದೆ, ಕಿವಿಯೊಳಗಿನ ದ್ರವ ಹೇಗೆ ಅಲುಗುತ್ತದೆ, ಕಣ್ಣು ಒಂದು ಹೇಳಿದರೆ ಕಿವಿ ಇನ್ನೊಂದು ಹೇಗೆ ಹೇಳುತ್ತದೆ ಎಂದು ಶುರುಮಾಡಿ, ಗಂಟೆ ಬಾರಿಸುವ ಹೊತ್ತಿಗೆ ಬೋರ್ಡಿನ ಮೇಲೆ ವೇಗೋತ್ಕರ್ಷದ ಸಮೀಕರಣ ಬರೆದು ಮುಗಿಸಿದ್ದರು. ಪಾಠ ಯಾವಾಗ ಶುರುವಾಯಿತೆಂದು ನಮಗೆ ಗೊತ್ತೇ ಆಗಿರಲಿಲ್ಲ.

ಅವರು ನಮ್ಮನ್ನೆಲ್ಲ ಬಹುವಚನದಲ್ಲಿ ಕರೆಯುತ್ತಿದ್ದರು. "ನೀವು ಹೇಳ್ರಿ", "ನೀವು ಬರ್ರಿ." ಹದಿನೇಳು ವರ್ಷದ ನಮಗೆ ಅಷ್ಟು ಮರ್ಯಾದೆಯನ್ನು ಯಾರೂ ಕೊಟ್ಟಿರಲಿಲ್ಲ. ತೀರ ಖುಷಿಯಾದಾಗ ಮಾತ್ರ ಏಕವಚನಕ್ಕೆ ಇಳಿಯುತ್ತಿದ್ದರು. ಹಾಗಾಗಿ ಅವರಿಂದ "ನೀ" ಅನ್ನಿಸಿಕೊಳ್ಳಲು ನಮ್ಮಲ್ಲಿ ಪೈಪೋಟಿ. ಅವರ ಪರೀಕ್ಷೆಯಲ್ಲಿ ಇನ್ನೊಂದು ವಿಚಿತ್ರವಿತ್ತು. ಉತ್ತರ ಬಾರದಿದ್ದರೆ "ಗೊತ್ತಿಲ್ಲ" ಎಂದು ಬರೆಯಬೇಕು, ಅದಕ್ಕೆ ಅರ್ಧ ಅಂಕ. ಹಾರಿಕೆಯ ಉತ್ತರಕ್ಕೆ ಸೊನ್ನೆ. "ಗೊತ್ತಿಲ್ಲ ಅಂತ ಗೊತ್ತಿರೂದೂ ಒಂದು ಮಾಹಿತಿನ ಐತಿ" ಎನ್ನುತ್ತಿದ್ದರು. ತಡವಾಗಿ ಬಂದರೆ ಮಾತ್ರ ಅವರಿಗೆ ಸಹನೆ ಇರುತ್ತಿರಲಿಲ್ಲ. ಬಾಗಿಲಲ್ಲಿ ನಿಂತವರನ್ನು ಒಳಗೆ ಕರೆಯುವುದನ್ನೇ ಮರೆತು ಪಾಠ ಮುಂದುವರಿಸುತ್ತಿದ್ದರು. ಬೇಕೆಂದೇ ಮರೆಯುತ್ತಿದ್ದರು ಅನ್ನಿಸುತ್ತದೆ.

ನವೆಂಬರ್ ಕೊನೆಯಲ್ಲಿ ಒಂದು ದಿನ ಮರದ ಪೆಟ್ಟಿಗೆಯೊಂದನ್ನು ತಂದು ಮೇಜಿನ ಮೇಲಿಟ್ಟರು. ಒಳಗೆ ಹಸಿರು ಬಟ್ಟೆಯ ಮೇಲೆ ಹಿತ್ತಾಳೆಯ ಒಂದು ಸಾಧನ. ಕಮಾನಿನಂಥ ಅಂಚು, ಅದರ ತುಂಬ ಸಣ್ಣ ಗೆರೆಗಳು, ಎರಡು ಕನ್ನಡಿ, ಒಂದು ಪುಟ್ಟ ದುರ್ಬೀನು. ಹೆಸರು ಸೆಕ್ಸ್‌ಟಂಟ್ ಎಂದರು. ನಡುಸಮುದ್ರದಲ್ಲಿ ಸೂರ್ಯನ ಎತ್ತರ ಅಳೆದು ತಾವೆಲ್ಲಿದ್ದೇವೆಂದು ತಿಳಿಯಲು ಹಡಗಿನವರು ಬಳಸುತ್ತಿದ್ದ ಸಾಧನ. ಯಾವುದೋ ಬಂದರಿನ ಗುಜರಿ ಅಂಗಡಿಯಲ್ಲಿ ಮುರಿದದ್ದನ್ನು ಕೊಂಡು, ಎರಡು ವರ್ಷ ಕೂತು ತಾವೇ ರಿಪೇರಿ ಮಾಡಿಕೊಂಡಿದ್ದರಂತೆ.

"ಇದರಿಂದ ನಾವು ಪೃಥ್ವಿ ಅಳಿಯೂಣು" ಎಂದರು, ಹೊಲ ಅಳೆಯೋಣ ಎಂದಷ್ಟು ಸಲೀಸಾಗಿ.

ಉಪಾಯ ಸರಳವಾಗಿತ್ತು. ಖಾನಾಪುರಕ್ಕಿಂತ ಬೆಳಗಾವಿ ಉತ್ತರಕ್ಕಿದೆ. ಹಾಗಾಗಿ ಮಧ್ಯಾಹ್ನ ಸೂರ್ಯ ನೆತ್ತಿಗೆ ಬಂದಾಗ ಖಾನಾಪುರದಲ್ಲಿ ಕಾಣುವುದಕ್ಕಿಂತ ಬೆಳಗಾವಿಯಲ್ಲಿ ತುಸು ಕೆಳಗೆ ಕಾಣುತ್ತಾನೆ. ಆ ವ್ಯತ್ಯಾಸವನ್ನು ಅಳೆದರೆ, ನಕಾಶೆಯಲ್ಲಿ ಎರಡೂ ಊರಿನ ನಡುವೆ ಉತ್ತರ-ದಕ್ಷಿಣ ಎಷ್ಟು ದೂರವಿದೆ ಎಂದು ನೋಡಿದರೆ, ಅದರಿಂದ ಇಡೀ ಭೂಮಿಯ ಸುತ್ತಳತೆ ತೆಗೆಯಬಹುದು. ಸಮುದ್ರದಲ್ಲಾದರೆ ದಿಗಂತ ನೇರವಾಗಿ ಕಾಣುತ್ತದೆ. ನಮ್ಮಲ್ಲಿ ಗುಡ್ಡ, ಮನೆ, ಮರ. ಅದಕ್ಕೆ ಅಗಲ ತಾಟಿನಲ್ಲಿ ಹಳೆಯ ಎಂಜಿನ್ ಎಣ್ಣೆ ಸುರಿದು ನೆಲದ ಮೇಲಿಡುವುದು. ಎಣ್ಣೆಯಲ್ಲಿ ಕಾಣುವ ಸೂರ್ಯನಿಗೂ ಆಕಾಶದ ಸೂರ್ಯನಿಗೂ ನಡುವಿನ ಕೋನ ಅಳೆದು ಅರ್ಧ ಮಾಡಿದರೆ ಎತ್ತರ ಸಿಗುತ್ತದೆ.

ಕೈ ನಡುಗದವರು ಬೇಕೆಂದು ಎಲ್ಲರನ್ನೂ ಪರೀಕ್ಷಿಸಿದರು. ನನ್ನ ಕೈ ಆಯ್ಕೆಯಾಯಿತು.

ಹುಡುಗಿಯಾದ ನನ್ನನ್ನು ಬೆಳಗಾವಿಗೆ ಕರೆದುಕೊಂಡು ಹೋಗಲು ಒಪ್ಪಿಗೆ ಕೇಳಲು ಸರ್ ನಮ್ಮ ಮನೆಗೆ ಬಂದರು. ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಭಟ್ಟಿ ನೋಡಿಕೊಳ್ಳುತ್ತಿದ್ದವರು. ಅವರು ಕೆಲಸದಲ್ಲಿದ್ದಾರೆ ಎಂದು ಕೇಳಿ ಸರ್ ಭಟ್ಟಿಗೇ ನಡೆದರು. ನಾನು ಹಿಂದೆ. ಅಪ್ಪ ಗಾಬರಿಯಾಗಿ ಕೈ ಒರೆಸಿಕೊಂಡು, "ಬರ್ರಿ ಸರ್, ಕುಂದರ್ರಿ" ಎಂದು ಹಂಚಿನ ರಾಶಿಯ ಮೇಲೆ ಗೋಣಿ ಹಾಸಿದರು. ಸರ್ ಕೂರಲಿಲ್ಲ. ಭಟ್ಟಿಯ ಕಿಂಡಿಯಲ್ಲಿ ಬಗ್ಗಿ ನೋಡುತ್ತಿದ್ದರು.

"ಒಳಗ ಕಾವು ಸಾಕು ಅಂತ ನಿಮಗ ಹೆಂಗ ಗೊತ್ತಾಗತೈತ್ರಿ?"

"ಡಿಗ್ರಿ ಪಿಗ್ರಿ ನನಗ ತಿಳಿಯಾಂಗಿಲ್ರಿ" ಎಂದರು ಅಪ್ಪ. "ಹಣ್ಣ ಕುಂಬಳಕಾಯಿ ಕೊಯ್ದ್ರ ಒಳಗ ಬಣ್ಣಾ ಇರತೈತಲ್ರಿ, ಆ ಬಣ್ಣಾ ಬಂತಂದ್ರ ಕಟಗಿ ಹಾಕೂದ ಬಿಡತೀನಿ."

ಬೆಳಗಾವಿಗೆ ಕಳಿಸಲು ಅಪ್ಪ ಅಂದೇ ಒಪ್ಪಿದರು. ಸರ್ ಎರಡು ದಿನ ಬಿಟ್ಟು ಮತ್ತೆ ಬಂದರು. ಈ ಸಲ ಉದ್ಯಮಬಾಗದ ಯಾರೋ ಪರಿಚಯದವರಿಂದ ಶಾಖ ಅಳೆಯುವ ತಂತಿಯ ಮೀಟರ್ ಕೇಳಿ ತಂದಿದ್ದರು. ಮೂರು ಸಲ ಭಟ್ಟಿ ಹಚ್ಚಿದಾಗಲೂ ಬಂದು, ಅಪ್ಪ "ಸಾಕು" ಅಂದ ಕ್ಷಣದಲ್ಲಿ ಮೀಟರ್ ನೋಡಿ ಬರೆದುಕೊಂಡರು. ಮೂರೂ ಸಲ ಅಂಕಿ ಹೆಚ್ಚುಕಮ್ಮಿ ಒಂದೇ ಇತ್ತು. ಮರುದಿನ ತರಗತಿಯಲ್ಲಿ, "ಮೊನ್ನಿ ನಾ ಒಬ್ಬ ದೊಡ್ಡ ಮಾಸ್ತರನ್ನ ಭೆಟ್ಟಿಯಾದೆ" ಎಂದು ಆ ಮೂರು ಅಂಕಿಗಳನ್ನು ಬೋರ್ಡಿನ ಮೇಲೆ ಬರೆದರು. ಯಾರೆಂದು ಹೇಳಲಿಲ್ಲ. ನನ್ನ ಕಡೆ ಮಾತ್ರ ಒಮ್ಮೆ ನೋಡಿದರು. ನನ್ನ ಅಪ್ಪ ಏನು ಕೆಲಸ ಮಾಡುತ್ತಾರೆಂದು ಕೇಳಿದರೆ ಅಲ್ಲಿಯವರೆಗೆ ನಾನು "ಕಾರ್ಖಾನೆಯಲ್ಲಿದ್ದಾರೆ" ಎಂದಷ್ಟೇ ಹೇಳುತ್ತಿದ್ದೆ. ಅಂದಿನಿಂದ "ಭಟ್ಟಿ ನೋಡತಾರ" ಎಂದು ಹೇಳತೊಡಗಿದೆ.

ಡಿಸೆಂಬರಿನ ಒಂದು ಶನಿವಾರ ಕಾಲೇಜಿನ ಅಂಗಳದಲ್ಲಿ ಮೊದಲ ಅಳತೆ. ನಮ್ಮ ಊರಿನಲ್ಲಿ ಸೂರ್ಯ ನೆತ್ತಿಗೆ ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆ ದಾಟಿದ ಮೇಲೆ ಎಂದು ನನಗೆ ಅಂದೇ ತಿಳಿದದ್ದು. ಕಪ್ಪು ಗಾಜಿನ ಮೂಲಕ ನೋಡುತ್ತ ಸ್ಕ್ರೂ ತಿರುಗಿಸಿದರೆ ಎರಡು ಸೂರ್ಯರು ಹತ್ತಿರ ಬರುತ್ತಿದ್ದರು. ಒಬ್ಬನ ಮೇಲೊಬ್ಬ ಸರಿಯಾಗಿ ಕೂತ ಕ್ಷಣ ಕೈ ಬಿಡಬೇಕು. ಸೂರ್ಯ ಏರುವುದು ನಿಂತು ಇಳಿಯಲು ಶುರುವಾಗುವವರೆಗೆ ನೋಡುತ್ತಲೇ ಇರಬೇಕು. ಎರಡು ಸೂರ್ಯರ ನಡುವಿನ ಕೋನ ನೂರ ಒಂದು ಡಿಗ್ರಿಗಿಂತ ತುಸು ಹೆಚ್ಚು ಬಂತು. ಸರ್ ಮತ್ತೆ ನೋಡಿ ಖಾತ್ರಿ ಮಾಡಿಕೊಂಡು, "ನೀ ಚಲೋ ನೋಡಿದಿ" ಎಂದರು. ನೀ ಎಂದರು.

ಮರುದಿನ ಭಾನುವಾರ ನಾವು ಎಂಟು ಜನ ರೈಲಿನಲ್ಲಿ ಬೆಳಗಾವಿಗೆ ಹೋದೆವು. ರಾಮತೀರ್ಥ ನಗರದ ಅವರ ಮನೆಯ ಮಾಳಿಗೆಯೇ ನಮ್ಮ ವೀಕ್ಷಣಾಲಯ. ಸರ್ ಅವರ ಹೆಂಡತಿ ದೊಡ್ಡ ಪರಾತದಲ್ಲಿ ಚುರಮುರಿ ಕಲಸಿ ತಂದಿಟ್ಟರು. ಆಗ ಪ್ರಾಥಮಿಕ ಶಾಲೆಯಲ್ಲಿದ್ದ ಅವರ ಮಗಳು ಎಣ್ಣೆಯ ತಾಟಿನ ಸುತ್ತ ಓಡಾಡಿ ಬೈಸಿಕೊಂಡಳು. ಹನ್ನೆರಡರ ನಂತರ ಮೋಡ ಕವಿಯತೊಡಗಿತು. ನಾನು ಕಣ್ಣು ಕೀಲಿಸಿ ಕೂತಿದ್ದೆ. ಮೋಡದ ಸಂದಿಯಲ್ಲಿ ಸೂರ್ಯ ಬರುವುದು, ಹೋಗುವುದು. ಹನ್ನೆರಡೂವರೆಗೆ ಸರಿಯಾಗಿ ಕೆಳಗೆ ಯಾರೋ ಬಂದರೆಂದು ಸರ್ ಇಳಿದು ಹೋದರು. ಅವರು ಹೋದ ಹೊತ್ತಿನಲ್ಲೇ ದಟ್ಟ ಮೋಡ ಬಂದು ನಿಂತಿತು. ಹತ್ತು ನಿಮಿಷ ಅಲುಗಲಿಲ್ಲ. ನೆತ್ತಿಯ ಕ್ಷಣ ಮೋಡದ ಹಿಂದೆ ಮುಗಿದುಹೋಯಿತು. ಉಳಿದವರು ಚುರಮುರಿ ತಿನ್ನುತ್ತ ಹರಟುತ್ತಿದ್ದರು. ಯಾರಿಗೂ ಗೊತ್ತಾಗಲಿಲ್ಲ.

ಸರ್ ಮೆಟ್ಟಿಲೇರಿ ಬರುವ ಸಪ್ಪಳ ಕೇಳಿತು. "ಸಿಕ್ತೇನು?" ಎಂದು ಅಲ್ಲಿಂದಲೇ ಕೇಳಿದರು.

ಸಿಗಲಿಲ್ಲ ಅನ್ನಬೇಕಿತ್ತು. ಗೊತ್ತಿಲ್ಲ ಎಂದು ಬರೆದರೆ ಅರ್ಧ ಅಂಕ ಕೊಡುವ ಮನುಷ್ಯ ಅವರು. ಆದರೆ ಎಂಟು ಜನ ರೈಲು ಹತ್ತಿ ಬಂದಿದ್ದೆವು, ನನ್ನ ಕೈಯನ್ನು ನಂಬಿ ಬಂದಿದ್ದೆವು… "ಸಿಕ್ತು ಸರ್" ಎಂದೆ. ಉತ್ತರ ಎಷ್ಟು ಬರಬೇಕೆಂದು ನನಗೆ ಗೊತ್ತಿತ್ತು. ನಕಾಶೆಯ ದೂರ ಇಪ್ಪತ್ತಾರು ಕಿಲೋಮೀಟರು. ಪುಸ್ತಕದಲ್ಲಿರುವ ಭೂಮಿಯ ಸುತ್ತಳತೆ ಬರಬೇಕೆಂದರೆ ಸೂರ್ಯನ ಎತ್ತರದಲ್ಲಿ ಒಂದು ಡಿಗ್ರಿಯ ಅರವತ್ತು ಪಾಲಿನಲ್ಲಿ ಹದಿನಾಲ್ಕು ಪಾಲು ಕಡಿಮೆಯಾಗಬೇಕು. ಎಣ್ಣೆಯ ಲೆಕ್ಕದಲ್ಲಿ ಅದರ ಇಮ್ಮಡಿ. ಒಂದು ದಿನದಲ್ಲಿ ಸೂರ್ಯ ಸರಿಯುವುದನ್ನೂ ಕೋಷ್ಟಕದಿಂದ ನೋಡಿ ಹಿಂದಿನ ರಾತ್ರಿಯೇ ಸೇರಿಸಿಟ್ಟಿದ್ದೆ. ಅವರು ಮೇಲೆ ಬರುವಷ್ಟರಲ್ಲಿ ಸಾಧನದ ಮುಳ್ಳನ್ನು ಸರಿಯಾಗಿ ಅಲ್ಲಿಗೆ ತಂದು ನಿಲ್ಲಿಸಿದೆ. ಸರ್ ಬಂದು ಓದಿ, ವೀಕ್ಷಣೆಯ ಪುಸ್ತಕದಲ್ಲಿ ಬರೆದು, ಕೆಳಗೆ ಸಹಿ ಮಾಡಿದರು.

ಲೆಕ್ಕ ಹಾಕಿದರೆ ನಲವತ್ತು ಸಾವಿರದ ನೂರ ಹದಿನಾಲ್ಕು ಕಿಲೋಮೀಟರು. ಪುಸ್ತಕದ ಅಂಕಿಗೆ ಕೂದಲೆಳೆಯಷ್ಟು ಅಂತರ. ಸರ್ ಹೆಂಡತಿಯನ್ನು ಮಾಳಿಗೆಗೆ ಕರೆದು ಪುಸ್ತಕ ತೋರಿಸಿದರು. ಸರ್ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ.

ಜನವರಿಯಲ್ಲಿ ಜಿಲ್ಲೆಯ ವಿಜ್ಞಾನ ಪ್ರದರ್ಶನ. ಸೆಕ್ಸ್‌ಟಂಟು, ಎಣ್ಣೆಯ ತಾಟು, ನಕಾಶೆ, ನಮ್ಮ ಅಂಕಿ. ತೀರ್ಪುಗಾರರಲ್ಲಿ ಒಬ್ಬರು ಬೆಳಗಾವಿಯವರೇ. ಪುಸ್ತಕದ ತಾರೀಖು ನೋಡಿ, "ಆ ದಿನಾ ಮಧ್ಯಾಹ್ನ ಇಲ್ಲೆ ಪೂರಾ ಮೋಡ ಇತ್ತಲ್ರಿ. ನಮ್ಮ ಮನ್ಯಾಗ ಕಾರ್ಯಕ್ರಮ ಇತ್ತು, ಅದಕ್ಕ ನೆನಪೈತಿ" ಎಂದರು. ಸರ್ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಮ್ಮ ಹುಡುಗಿ ನೋಡ್ಯಾಳ ಅಂದ್ರ ನೋಡ್ಯಾಳ್ರಿ" ಎಂದರು, ತಣ್ಣಗೆ.

ನಮಗೆ ಮೊದಲ ಬಹುಮಾನ ಬಂತು. ರಾಜ್ಯಮಟ್ಟಕ್ಕೆ ಆಯ್ಕೆಯಾದೆವು. ಎಲ್ಲರೂ ಕುಣಿಯುತ್ತಿದ್ದಾಗ ನನ್ನ ಕಿವಿಯಲ್ಲಿ ಆ ಒಂದು ಮಾತೇ ಸುತ್ತುತ್ತಿತ್ತು. ಸೋಮವಾರ ಮುಂಜಾನೆ ಸ್ಟೇಶನ್ನಿಗೆ ಹೋಗಿ, ಅವರು ರೈಲಿನಿಂದ ಇಳಿಯುತ್ತಿದ್ದಂತೆ ಎದುರಿಗೆ ನಿಂತು ಎಲ್ಲವನ್ನೂ ಹೇಳಿಬಿಟ್ಟೆ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಅವರು ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತು ಕೇಳಿದರು. ರೈಲು ಹೊರಟುಹೋಯಿತು. ಜನರೂ ಖಾಲಿಯಾದರು. ಅಂದು ಜೀವನದಲ್ಲಿ ಮೊದಲ ಸಲ ಸರ್ ತರಗತಿಗೆ ತಡವಾಗಿ ಹೋದರು.

"ಸಹಿ ಮಾಡಿದಾಂವ ನಾನು" ಎಂದರು ಕೊನೆಗೆ. "ನಾ ಕೆಳಗ ಹೋಗಿದ್ದೆ. ಕಣ್ಣಲೆ ನೋಡಲಾರದ ಸಹಿ ಮಾಡಿದೆ. ಮೂವತ್ತು ವರ್ಷ ಖಲಾಸಿಗಳಿಗೆ ಅದನ್ನ ಮಾಡಬ್ಯಾಡ್ರಿ ಅಂತ ಹೇಳಿದಾಂವ ನಾನ."

"ಸರ್, ಸುಳ್ಳ ಹೇಳಿದಾಕಿ ನಾನು."

"ಅದು ನಿನಗೂ ನನಗೂ ಗೊತ್ತಾತು. ಅಷ್ಟ ಸಾಕು. ಮತ್ತ ಒಮ್ಮೆ ಅಳಿಯೂಣು."

ಅದೇ ದಿನ ಅವರು ಪ್ರಿನ್ಸಿಪಾಲರಿಗೂ ಪ್ರದರ್ಶನದವರಿಗೂ ಕಾಗದ ಬರೆದರು. ವೀಕ್ಷಣೆಯನ್ನು ತಪಾಸಣೆ ಮಾಡದೆ ತಾನು ಸಹಿ ಮಾಡಿದ್ದೇನೆ, ಅಂಕಿ ನಂಬಲು ಯೋಗ್ಯವಲ್ಲ, ಬಹುಮಾನ ಹಿಂತೆಗೆದುಕೊಳ್ಳಬೇಕು ಎಂದು. ಅದರಲ್ಲಿ ಒಂದು ಶಬ್ದವೂ ಸುಳ್ಳಿರಲಿಲ್ಲ. ನನ್ನ ಹೆಸರೂ ಇರಲಿಲ್ಲ. ತರಗತಿಯಲ್ಲಿ ನಿಂತು, "ತಪ್ಪು ನನ್ನದು" ಎಂದಷ್ಟೇ ಹೇಳಿದರು. ರಾಜ್ಯಮಟ್ಟಕ್ಕೆ ಹೋಗುವ ಕನಸು ಕಂಡಿದ್ದ ಹುಡುಗರು ಸಿಟ್ಟಾದರು. ಅಂದಿನಿಂದ ಅವರಿಗೆ "ಮುಳುಗಿದ ಹಡಗು" ಎಂದು ಅಡ್ಡಹೆಸರು ಬಿತ್ತು. ಅವರು ವರಾಂಡದಲ್ಲಿ ಬರುವಾಗ ಹಿಂದಿನ ಬೆಂಚಿನಿಂದ ನೀರು ಗುಳುಗುಳು ಅನ್ನುವ ಸದ್ದು ಮಾಡುತ್ತಿದ್ದರು. ಇನ್ನು ಮುಂದೆ ವಿದ್ಯಾರ್ಥಿಗಳನ್ನು ಹೊರಗೆ ಕರೆದೊಯ್ಯುವಂತಿಲ್ಲ ಎಂದು ಪ್ರಿನ್ಸಿಪಾಲರು ಹೇಳಿದರು. ಸರ್ ತಲೆಯಾಡಿಸಿ ಬಂದು ಪಾಠ ಮುಂದುವರಿಸಿದರು.

ನಾನು ಎರಡನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಿದ್ದೆ. ಎದ್ದು ನಿಂತು ಒಂದು ಮಾತು ಹೇಳಿದ್ದರೆ ಆ ಸದ್ದು ನಿಲ್ಲುತ್ತಿತ್ತು. ನಾನು ಏಳಲಿಲ್ಲ.

ಕಾಲೇಜಿನಿಂದ ಹೋಗುವಂತಿರಲಿಲ್ಲವಾದ್ದರಿಂದ, ಮತ್ತೆ ಅಳೆಯಲು ಅಪ್ಪನೇ ನನ್ನನ್ನು ಬೆಳಗಾವಿಗೆ ಕರೆದುಕೊಂಡು ಹೋದರು. ರೈಲಿನಲ್ಲಿ ಅವರಿಗೆ ನಡೆದದ್ದನ್ನೆಲ್ಲ ಹೇಳಿದೆ.

"ಸರ್ರು ತಮ್ಮ ಮ್ಯಾಲ ಹಾಕ್ಕೊಂಡಾರ ಅಂದ್ರ ಅದು ಅವರ ದೊಡ್ಡಸ್ತಿಕಿ" ಎಂದರು ಅಪ್ಪ. "ಆದ್ರ ನೀ ಅದನ್ನ ಮಂದಿ ಮುಂದ ಹೇಳಬೇಕವಾ. ಇವತ್ತಿಲ್ಲಾಂದ್ರ ನಾಳಿ."

"ಹೇಳತೀನಪಾ" ಎಂದೆ.

ಖಾನಾಪುರದ ಅಳತೆಯನ್ನು ಹಿಂದಿನ ದಿನವೇ ಮತ್ತೆ ತೆಗೆದಿಟ್ಟಿದ್ದೆವು. ಮಾಳಿಗೆಯ ಮೇಲೆ ಆ ದಿನ ಆಕಾಶ ಶುಭ್ರವಾಗಿತ್ತು. ಸರ್ ನನ್ನ ಪಕ್ಕದಿಂದ ಒಂದು ಹೆಜ್ಜೆಯೂ ಕದಲಲಿಲ್ಲ. ಮತ್ತೇಕೆ ಅಳೆಯುತ್ತಿದ್ದೀರಿ ಎಂದು ಹೆಂಡತಿ ಕೇಳಿದ್ದಕ್ಕೆ, "ಹಿಂದಿನದು ನನ್ನ ಕಡಿಂದ ಚುಕ್ಕಿತ್ತು, ತಪ್ಪಾಗಿತ್ತು" ಎಂದರು. ಎಣ್ಣೆ ಗಾಳಿಗೆ ನಡುಗುತ್ತಿತ್ತು. ವ್ಯತ್ಯಾಸ ಹದಿನಾಲ್ಕು ಪಾಲು ಬರಬೇಕಾದಲ್ಲಿ ಹದಿನಾರು ಬಂತು. ಭೂಮಿಯ ಸುತ್ತಳತೆ ಮೂವತ್ತೈದು ಸಾವಿರದ ನೂರು ಕಿಲೋಮೀಟರು. ಐದು ಸಾವಿರ ಕಿಲೋಮೀಟರಿನ ತಪ್ಪು. ನಾನು ಅಳುವ ಹಾಗಿದ್ದೆ. ಸರ್ ಆ ಅಂಕಿಯ ಕೆಳಗೆ ಎರಡು ಗೆರೆ ಎಳೆದರು.

"ಪೃಥ್ವಿ ಸ್ವಲ್ಪ ಸಣ್ಣದಾತು ನೋಡ್ರಿ" ಎಂದು ಅಪ್ಪನಿಗೆ ಹೇಳಿ ಬಿದ್ದು ಬಿದ್ದು ನಕ್ಕರು. ಆಮೇಲೆ ನನ್ನ ಕಡೆ ತಿರುಗಿ, "ಇದು ನಿಂದು. ಆ ನಲವತ್ತು ಸಾವಿರ ಪುಸ್ತಕದ್ದು" ಎಂದರು.

ಅವರು ನಮ್ಮ ಕಾಲೇಜಿನಲ್ಲಿ ಇನ್ನೂ ಕೆಲವು ವರ್ಷ ಇದ್ದರು. ನಾನು ಬೆಳಗಾವಿಯಲ್ಲಿ ಡಿಪ್ಲೊಮಾ ಮುಗಿಸಿ ಉದ್ಯಮಬಾಗದಲ್ಲಿ ಪರೀಕ್ಷಾ ವಿಭಾಗಕ್ಕೆ ಸೇರಿದೆ. ಎರಕ ಹೊಯ್ದ ಲೋಹದ ಗಟ್ಟಿತನ ನೋಡುವುದು, ಕುಲುಮೆಯ ಶಾಖ ದಾಖಲಿಸುವುದು ನನ್ನ ಕೆಲಸ. ಮದುವೆಯಾಗಿ ಶಿವಬಸವ ನಗರಕ್ಕೆ ಬಂದೆ. ಅಲ್ಲಿಂದ ರಾಮತೀರ್ಥ ನಗರ ದೂರವಲ್ಲ. ಎರಡು ಮೂರು ತಿಂಗಳಿಗೊಮ್ಮೆ ಸರ್ ಮನೆಗೆ ಹೋಗುತ್ತಿದ್ದೆ. ಹೋದ ಕೂಡಲೇ ನಮ್ಮ ಕಾರ್ಖಾನೆಯ ಹೊಸ ಯಂತ್ರಗಳ ಬಗ್ಗೆ ಕೇಳುತ್ತಿದ್ದರು. ನಾನು ಹೇಳಿದ್ದನ್ನು ಒಂದು ಡೈರಿಯಲ್ಲಿ ಚಿತ್ರ ಸಮೇತ ಬರೆದುಕೊಳ್ಳುತ್ತಿದ್ದರು. ಅವರ ಚಿತ್ರಗಳು ಮಾತ್ರ ತೀರ ಕೆಟ್ಟದಾಗಿರುತ್ತಿದ್ದವು. ಯಾವ ಯಂತ್ರ ಬರೆದರೂ ಟ್ರಂಕಿನ ಹಾಗೆ ಕಾಣುತ್ತಿತ್ತು.

ಎಪ್ಪತ್ತು ದಾಟಿದ ಮೇಲೆ ಅವರ ಕೈಗೆ ಸ್ಮಾರ್ಟ್‌ಫೋನ್ ಬಂತು. ಹಳೆಯ ಕಾಲದವರಂತೆ ಅವರು ಅದನ್ನು ಬೈಯಲಿಲ್ಲ. ತಾವು ನಿಂತ ಜಾಗದ ಅಕ್ಷಾಂಶವನ್ನು ಅದು ಕ್ಷಣದಲ್ಲಿ ತೋರಿಸಿದಾಗ ಮಗುವಿನಂತೆ ಹಿಗ್ಗಿದರು. ಅಡುಗೆಮನೆಯಲ್ಲಿ ನಿಂತು ಒಂದು ಸಲ, ಮಾಳಿಗೆಯಲ್ಲಿ ನಿಂತು ಒಂದು ಸಲ ನೋಡಿ ನನಗೆ ಫೋನ್ ಮಾಡಿ ಹೇಳಿದರು. ಪಕ್ಕದ ಮನೆಯ ಮಕ್ಕಳು, ಪ್ರಶ್ನೆ ಕೇಳಿದರೆ ಉತ್ತರ ಬರೆದುಕೊಡುವ ಆ್ಯಪ್ ತೋರಿಸಿದಾಗಲೂ ಕುತೂಹಲದಿಂದ ಕೂತು ಪರೀಕ್ಷಿಸಿದರಂತೆ.

"ಭಾಳ ಶಾಣ್ಯಾ ಐತಿ" ಎಂದರು ನನಗೆ. "ಆದ್ರ ಒಂದೂ ಸಲ ಗೊತ್ತಿಲ್ಲ ಅನ್ನಲಿಲ್ಲ. ಹತ್ತ ಪ್ರಶ್ನೆ ಕೇಳಿದೆ. ಎರಡು ತಪ್ಪ ಹೇಳಿತು. ಎಂಟು ಖರೇ ಹೇಳಿದ್ದೂ ಅದ ದನ್ಯಾಗ, ಎರಡು ತಪ್ಪ ಹೇಳಿದ್ದೂ ಅದ ದನ್ಯಾಗ. ಮಕ್ಕಳಿಗೆ ಅದು ಹೆಂಗ ತಿಳೀಬೇಕು?" ಆಮೇಲೆ, "ಯಂತ್ರದ್ದು ತಪ್ಪಲ್ಲ ಅದು. ತಪಾಸ ಮಾಡೂದು ಕಲಸೂದು ನಮ್ಮ ಕೆಲಸ, ನಾವ ಬಿಟ್ಟೀವಿ" ಎಂದರು.

ಆ ದಿನ ನನಗೆ ಧೈರ್ಯ ಬಂದಂತಾಯಿತು. "ಸರ್, ಆ ಬಹುಮಾನದ ವಿಷಯ… ನಾ ಯಾರ ಮುಂದೂ ಹೇಳಲಿಲ್ಲ. ಈಗರೇ ಎಲ್ಲಾರಿಗೂ ಹೇಳಬೇಕು ಅನ್ನಿಸೇತಿ" ಎಂದೆ.

"ಯಾವ ಬಹುಮಾನ?" ಎಂದರು ಅವರು, ಫೋನಿನ ಪರದೆಯನ್ನು ಅಂಗಿಯ ತುದಿಯಿಂದ ಒರೆಸುತ್ತ.

ನಿಜಕ್ಕೂ ಮರೆತಿದ್ದರೋ, ಮರೆತಂತೆ ಮಾಡಿದರೋ… ಇವತ್ತಿಗೂ ಗೊತ್ತಿಲ್ಲ. ನನಗೆ ಆಗ ಒಂದು ನಿರಾಳ ಬಂದದ್ದು ನಿಜ. ಅವರಿಗೇ ನೆನಪಿಲ್ಲದ್ದನ್ನು ನಾನೇಕೆ ಕೆದಕಲಿ ಎಂದುಕೊಂಡೆ. ಅಪ್ಪ ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು, ಕೇಳುವವರು ಇರಲಿಲ್ಲ. ಮಾತು ಬೇರೆ ಕಡೆ ಹೊರಳಿತು. ಚಹಾ ಕುಡಿದು ಮನೆಗೆ ಬಂದೆ.

ಸರ್ ಹೋದ ಮಳೆಗಾಲದಲ್ಲಿ ತೀರಿಕೊಂಡರು. ಮೂರು ದಿನದ ಜ್ವರ, ನಾಲ್ಕನೆಯ ದಿನ ಇಲ್ಲ. ನಾನು ಮಣ್ಣಿಗೆ ಹೋಗಿದ್ದೆ. ಗದ್ದಲದಲ್ಲಿ ಯಾರೊಂದಿಗೂ ಮಾತಾಗಲಿಲ್ಲ. ಆಮೇಲೆ ಕೆಲಸ, ಮನೆ, ಮತ್ತೆ ಕೆಲಸ. ಆ ಕಡೆ ಹೋಗಲು ಕಾಲೇ ಬರುತ್ತಿರಲಿಲ್ಲ. ಎಣ್ಣೆಯ ಪೀಪಾಯಿ ನೋಡಿದ ಆ ವಾರದ ಭಾನುವಾರ ಅವರ ಮನೆಗೆ ಹೋದೆ.

ಮಗಳು ಬಾಗಿಲು ತೆಗೆದಳು. ಆ ದಿನ ಎಣ್ಣೆಯ ತಾಟಿನ ಸುತ್ತ ಓಡಾಡಿದ್ದ ಹುಡುಗಿ. ಈಗ ಅವಳಿಗೂ ಕಿವಿಯ ಹತ್ತಿರ ಕೂದಲು ಬೆಳ್ಳಗಾಗುತ್ತಿದೆ. "ಬರ್ರಿ ಅಕ್ಕಾ" ಎಂದು ಒಳಗೆ ಕರೆದು ಅಪ್ಪನ ವಿಷಯ ಮಾತಾಡುತ್ತ ಕೂತಳು. ಅವರ ಸಮಯದ ಶಿಸ್ತು, ಅವರ ಕೆಟ್ಟ ಚಿತ್ರಗಳು, ಹಡಗಿನ ವಾಂತಿ. ಇಬ್ಬರೂ ನಕ್ಕೆವು. ಆಮೇಲೆ ಅವಳು ನಗುನಗುತ್ತಲೇ ಹೇಳಿದಳು.

"ಅಪ್ಪಾರು ಒಂದ್ಸಲ ಲೆಕ್ಕಾ ತಪ್ಪಿ ಬಹುಮಾನ ವಾಪಸ್ ಕೊಟ್ಟಿದ್ರಲ್ರಿ, ನಿಮ್ಮ ಬ್ಯಾಚಿನ್ಯಾಗ? ಅವ್ವ ಸಾಯೂತನಕಾ ಅದನ್ನ ಹೇಳಿ ಕಾಡಸ್ತಿದ್ಲು. ಅಪ್ಪಾರು ಏನರೇ ಖಾತ್ರಿಯಿಂದ ಹೇಳಿದ್ರ ಸಾಕು, ಪೃಥ್ವಿ ಅಳದಾವ್ರು ಹೇಳ್ಯಾರ, ಕೇಳ್ರಿ ಅಂತ. ನಾನೂ ಅಣ್ಣಾನೂ ನಗೂದು. ಅಪ್ಪಾರೂ ನಗತಿದ್ರು."

ಇಪ್ಪತ್ತಕ್ಕೂ ಹೆಚ್ಚು ವರ್ಷ ತಮ್ಮ ಮನೆಯಲ್ಲಿ, ತಮ್ಮ ಊಟದ ತಟ್ಟೆಯ ಮುಂದೆ ಕೂತು, ಅವರು ಆ ನಗುವನ್ನು ಕೇಳಿಸಿಕೊಂಡಿದ್ದರು. ಹೆಂಡತಿಗೂ ಹೇಳಿರಲಿಲ್ಲ.

ನಾನು ಲೋಟ ಕೆಳಗಿಟ್ಟು ನಡೆದದ್ದನ್ನು ಹೇಳಿದೆ. ಮೋಡ, ಮೆಟ್ಟಿಲಿನ ಸಪ್ಪಳ, ನಾನು ತಿರುಗಿಸಿ ನಿಲ್ಲಿಸಿದ ಮುಳ್ಳು, ಸ್ಟೇಶನ್ನಿನ ಬೆಂಚು, ನನ್ನ ಹೆಸರಿಲ್ಲದ ಕಾಗದ. ಏನನ್ನೂ ಬಿಡಲಿಲ್ಲ. ಅವಳ ಮುಖದ ಮೇಲಿನ ನಗು ನಿಧಾನವಾಗಿ ಹೋಯಿತು.

"ಅವ್ವಗ ಗೊತ್ತಾಗಬೇಕಿತ್ತು" ಎಂದಳು ಕೊನೆಗೆ.

ಆಮೇಲೆ ಎದ್ದು ಪುಣೆಯಲ್ಲಿರುವ ಅಣ್ಣನಿಗೆ ಫೋನ್ ಹಚ್ಚಿದಳು. "ಇವರು ಒಂದು ವಿಷಯ ಹೇಳತಾರ, ಕೇಳು" ಎಂದು ಫೋನನ್ನು ನನ್ನ ಕೈಗೆ ಕೊಟ್ಟಳು. ಮೊದಲಿನಿಂದ ಮತ್ತೆ ಹೇಳಿದೆ. ಆ ಕಡೆ ಅವರು ಏನೂ ಪ್ರಶ್ನೆ ಕೇಳಲಿಲ್ಲ. "ಹೇಳಿದ್ದು ಚಲೋ ಆತ್ರಿ" ಎಂದಷ್ಟೇ ಹೇಳಿ ಫೋನ್ ಇಟ್ಟರು.

ಆ ವರ್ಷ ನನ್ನ ಜೊತೆ ರೈಲು ಹತ್ತಿದ್ದ ಏಳು ಜನರಲ್ಲಿ ಐದು ಜನರ ನಂಬರು ಸಿಕ್ಕಿವೆ. ಅವರಿಗೂ ಒಬ್ಬೊಬ್ಬರಿಗಾಗಿ ಹೇಳಿದ್ದೇನೆ. ಹಿಂದಿನ ಬೆಂಚಿನಲ್ಲಿ ಕೂತು ನೀರಿನ ಸದ್ದು ಮಾಡುತ್ತಿದ್ದವನೊಬ್ಬ ನನ್ನ ಮಾತು ಮುಗಿಯುವ ಮೊದಲೇ ಫೋನ್ ಇಟ್ಟುಬಿಟ್ಟ. ಎರಡು ದಿನ ಬಿಟ್ಟು ಅವನೇ ಮಾಡಿದ. ಸರ್ ಮನೆಯ ವಿಳಾಸ ಕೇಳಿದ. ಕೊಟ್ಟೆ. ಉಳಿದ ಇಬ್ಬರು ಎಲ್ಲಿದ್ದಾರೋ ಗೊತ್ತಿಲ್ಲ. ಅವರ ಕಣ್ಣಿಗೆ ಬೀಳಲೆಂದೂ ಇದನ್ನು ಬರೆಯುತ್ತಿದ್ದೇನೆ.

ಆ ಭಾನುವಾರ ಹೊರಡುವಾಗ ಮಗಳು ಗೇಟಿನವರೆಗೆ ಬಂದಳು. ಸಿಟ್ಟು ಮಾಡಿಕೊಂಡಿರಲಿಲ್ಲ. ಚಿಲಕ ಹಾಕುತ್ತ, "ಅಪ್ಪಾರು ಇದ್ದಾಗ ಬಂದು ಹೇಳಿದ್ರ ಚಲೋ ಇತ್ತು ಅಕ್ಕಾ" ಎಂದಳು.

"ಹೌದವಾ" ಎಂದೆ.